ಎರಡು ಗುಂಡಿನ ನಂತರ

ಕೋಲ್ಡ್ ಫೋರ್ಕ್, ಮಿಸೌರಿ
೧೨ ಮಾರ್ಚ್ ೨೦೧೮

ಮೇಷ್ಟ್ರೇ,

ನಿಮ್ಮ ಕಿವಿ ಹೋಗಿರುವುದಕ್ಕೆ ಈ ಸಲ ನಿಜವಾಗಿಯೂ ಬೇಸರವಾಯಿತು. ಇದು ಫೋನಿನಲ್ಲಿ ಕೂಗಿ ಹೇಳಬೇಕಾದ ಸುದ್ದಿ. ಮೊಬೈಲಿನ ಮೆಸೇಜು ನಿಮ್ಮ ಕಣ್ಣಿಗೆ ಇರುವೆ ಸಾಲಿನಂತೆ ಕಾಣುತ್ತದೆ ಎಂದು ನೀವೇ ಬರೆದಿದ್ದಿರಿ. ಅದಕ್ಕೇ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕೂತು ಓದಿ.

ಹೋದ ಮಂಗಳವಾರ ಬೆಳಿಗ್ಗೆ ನಮ್ಮ ಅಂಗಡಿಗೆ ಕಳ್ಳ ನುಗ್ಗಿದ. ಓರ್ವಲ್ ಬ್ಯಾಗ್ಬಿಯ ಮೇವಿನ ಅಂಗಡಿ ನಿಮಗೆ ಗೊತ್ತಲ್ಲ, ನಾನು ಈಗಲೂ ಅಲ್ಲೇ ಗಲ್ಲಾ ನೋಡಿಕೊಳ್ಳುತ್ತೇನೆ. ಓರ್ವಲ್ ಮೂಲೆಯಲ್ಲಿ ಕೋಳಿ ಮೇವಿನ ಚೀಲ ಜೋಡಿಸುತ್ತಿದ್ದ. ಬಂದವನು ಈ ಕಡೆಯವನಲ್ಲ. ಕೈಯಲ್ಲಿ ಟೈರು ಬಿಚ್ಚುವ ಕಬ್ಬಿಣದ ಸರಳು. "ಗಲ್ಲಾ ತೆಗಿಯೇ ಮುದುಕಿ" ಎಂದ. ಮುದುಕಿಯಂತೆ! ನನಗಿನ್ನೂ ಐವತ್ತೆರಡು.

ಮೇಷ್ಟ್ರೇ, ನನ್ನ ಕೈ ನಿಮ್ಮ ಮಾತು ಕೇಳಿತು. ಸೊಂಟದಿಂದ ಪಿಸ್ತೂಲು ಯಾವಾಗ ಮೇಲೆ ಬಂತೋ ನನಗೇ ತಿಳಿಯಲಿಲ್ಲ. ಎರಡು ಗುಂಡು, ಟಪ್ ಟಪ್. ತಾಗಲಿಲ್ಲ, ಆದರೆ ಅವನು ಹೆದರಿ ನೆಲಕ್ಕೆ ಕುಸಿದ. ಆಮೇಲೆ ಒಂದಿಷ್ಟು ಗಲಾಟೆಯಾಗಿ ಅದರಲ್ಲಿ ಓರ್ವಲನ ಕೊರಳೆಲುಬು ಮುರಿಯಿತು, ತಲೆಗೂ ಏಟು ಬಿತ್ತು. ಅಷ್ಟರಲ್ಲಿ ಹುಲ್ಲಿನ ಲಾರಿ ಬಂದು ನಿಂತದ್ದರಿಂದ ಕಳ್ಳ ಬರಿಗೈಯಲ್ಲಿ ಓಡಿದ.

ಷೆರಿಫ್ ಕಚೇರಿಯಿಂದ ಬಂದವನು ಬೇರೆ ಯಾರೂ ಅಲ್ಲ, ಕ್ಲಬ್ಬಿನಲ್ಲಿ ಭಾನುವಾರದ ಗುಂಡು ಹೊಡೆಯುವ ಪಂದ್ಯದಲ್ಲಿ ನಮಗೆ ಸಮಯ ಅಳೆಯುವ ಬಜರ್ ಹಿಡಿಯುವ ಡೋಯ್ಲ್. ಅವನು ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ? "ಎಷ್ಟು ಸೆಕೆಂಡಾಯ್ತು ನೆಲ್ಡಾ?" ಎಲ್ಲರೂ ನಕ್ಕರು. ಪತ್ರಿಕೆಯ ತುಣುಕು ಇದರೊಳಗೆ ಇಟ್ಟಿದ್ದೇನೆ. ಫೋಟೋದಲ್ಲಿ ನನ್ನ ಕೂದಲು ನೋಡಿ ನಗಬೇಡಿ.

ರೋವೀನಾಗೆ ನನ್ನ ನೆನಪು ಹೇಳಿ. ಅವಳ ಹಳೆಯ ನಂಬರಿಗೆ ಫೋನು ಹೋಗುತ್ತಿಲ್ಲ.

ನಿಮ್ಮ ಶಿಷ್ಯೆ,
ನೆಲ್ಡಾ ಪ್ರೂಯಿಟ್


ಹಾರ್ಕರ್, ಐಡಾಹೊ
೨೧ ಮಾರ್ಚ್

ಎಲಾ ಇವಳ! ಭೇಷ್, ನನ್ನ ತಾಯಿ, ಭೇಷ್!

ಪತ್ರವನ್ನು ಅಡುಗೆಮನೆಯಲ್ಲಿ ನಿಂತುಕೊಂಡೇ ಓದಿದೆ. ಕೂತು ಓದಿ ಎಂದು ನೀನು ಬರೆದಿದ್ದೆ, ಆದರೆ ಈ ವರ್ಲಿನ್ ಸ್ಟ್ರೌಡ್ ಯಾವಾಗ ಯಾರ ಮಾತು ಕೇಳಿದ್ದಾನೆ? ಓದಿ ಮುಗಿಸಿ ಎಷ್ಟು ಜೋರಾಗಿ ಕೂಗಿದೆನೋ ಗೊತ್ತಿಲ್ಲ, ನನಗೆ ಕೇಳುವುದಿಲ್ಲವಲ್ಲ. ರೋವೀನಾ ಹಿತ್ತಲಿನಿಂದ ಓಡಿಬಂದಳು, ಅಪ್ಪನಿಗೆ ಎದೆನೋವು ಬಂತೆಂದು.

ನಿಮ್ಮೂರು ಬಿಟ್ಟು ಬಂದ ಮೇಲೆ ಇಲ್ಲಿ ರೈತ ಸಂಘದ ಸಭಾಂಗಣದ ಹಿಂದೆ, ಮಣ್ಣು ದಿಬ್ಬದ ಎದುರು, ಶನಿವಾರ ಶನಿವಾರ ಹೆಂಗಸರಿಗೆ ತರಗತಿ ನಡೆಸುತ್ತಿದ್ದೇನೆಂದು ಹೇಳಿದ್ದೆನಲ್ಲ. ಅದೇ ಹಳೆಯ ಪಾಠ. ಬಜರ್ ಕೂಗಿದ ತಕ್ಷಣ ಕೈ ಸೊಂಟಕ್ಕೆ. ರಟ್ಟಿನ ಮನುಷ್ಯನ ಎದೆಗೆ ಎರಡು ಗುಂಡು, ಒಂದೂವರೆ ಸೆಕೆಂಡಿನೊಳಗೆ. ಆಮೇಲೆ ಗುಂಡು ತುಂಬುವ ಮ್ಯಾಗಜೀನು ಹೊರಗೆ, ನಳಿಗೆ ಖಾಲಿಯೆಂದು ಹಿಂದಿರುವವನಿಗೆ ತೋರಿಸು, ಒರೆಗೆ ಸೇರಿಸು. ಈ ಕೊನೆಯದನ್ನು ಒಬ್ಬಳು ಮರೆತರೂ ನಾನು ಆ ದಿನ ಗುಂಡು ಮುಟ್ಟಲು ಬಿಡುವುದಿಲ್ಲ. ಇಷ್ಟು ವರ್ಷ ಕಲಿಸಿದ್ದೇನೆ, ನನ್ನ ಮೈದಾನದಲ್ಲಿ ಒಬ್ಬರಿಗೂ ಒಂದು ಗೀರು ಬಿದ್ದಿಲ್ಲ.

ಹೋದ ತಿಂಗಳು ಒಬ್ಬ ಗಡ್ಡದ ಹುಡುಗ ಬಂದಿದ್ದ, ಸೈನ್ಯದಲ್ಲಿದ್ದವನಂತೆ. ಹೆಂಗಸರೆಲ್ಲರ ಮುಂದೆ ಒಂದು ಹಾಳೆಯ ಮೇಲೆ ಬರೆದು ತೋರಿಸಿದ: "ಗಡಿಯಾರಾನ ಸೋಲಿಸಿದ್ರೆ ಕಳ್ಳನ್ನ ಸೋಲಿಸಿದ ಹಾಗಲ್ಲ, ತಾತ." ತಾತನಂತೆ! ಬಜರು ಆಟಿಕೆ, ರಟ್ಟು ಓಡುವುದಿಲ್ಲ, ರಟ್ಟು ತಿರುಗಿ ಹೊಡೆಯುವುದಿಲ್ಲ ಎಂದೆಲ್ಲ ಅವನ ವಾದ. ಆವತ್ತು ಬಾಯಿಮುಚ್ಚಿಕೊಂಡಿದ್ದೆ. ಈ ಶನಿವಾರ ನಿನ್ನ ಪತ್ರವನ್ನು ಎಲ್ಲರ ಮುಂದೆ ಓದಿದೆ. ಅವನಿಗೂ ಒಂದು ಪ್ರತಿ ಕಳಿಸಿದ್ದೇನೆ. ಈಗ ಮಾತಾಡು ಮಗನೇ!

ರೋವೀನಾ ನಿನ್ನ ಪತ್ರವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ. ಅವಳೂ ಈಗ ಜೋರಾಗಿ ಅಭ್ಯಾಸ ಮಾಡುತ್ತಿದ್ದಾಳೆ, ಕೈ ಚೆನ್ನಾಗಿ ಪಳಗಿದೆ. ನಂಬರು ಬದಲಾಯಿಸಿದ್ದಾಳೆ. ಏನೋ ಅವಳ ತಲೆನೋವು, ಬಿಡು.

ಡೋಯ್ಲ್ ಕೇಳಿದ ಪ್ರಶ್ನೆಯನ್ನೇ ನಾನೂ ಕೇಳುತ್ತೇನೆ. ಅಂದಾಜು ಎಷ್ಟು ಸೆಕೆಂಡು?

ಎದೆಯುಬ್ಬಿಸಿಕೊಂಡು ಓಡಾಡುತ್ತಿರುವ
ವರ್ಲಿನ್


ಕೋಲ್ಡ್ ಫೋರ್ಕ್
೨ ಏಪ್ರಿಲ್

ಮೇಷ್ಟ್ರೇ,

ಸೆಕೆಂಡು ಗೊತ್ತಿಲ್ಲ. ಅಲ್ಲಿ ಬಜರ್ ಹಿಡಿದವರು ಯಾರಿದ್ದರು?

ಇಲ್ಲಿ ಎಲ್ಲರೂ ನನ್ನನ್ನು ಅಟ್ಟಕ್ಕೇರಿಸಿ ಕೂರಿಸಿದ್ದಾರೆ. ಭಾನುವಾರ ಇಗರ್ಜಿಯ ಊಟದಲ್ಲಿ ಪಾದ್ರಿಗಳು ನನ್ನ ಹೆಸರು ಹಿಡಿದು ಪ್ರಾರ್ಥನೆ ಹೇಳಿದರು. ಊಟಕ್ಕೆ ನಿಂತರೆ ನನ್ನನ್ನೇ ಮುಂದೆ ತಳ್ಳುತ್ತಾರೆ. ಕ್ಲಬ್ಬಿನವರು ಒಂದು ಮರದ ಫಲಕ ಮಾಡಿಸಿಕೊಟ್ಟರು, ಅದರಲ್ಲಿ ಹಿತ್ತಾಳೆಯ ಪಿಸ್ತೂಲು. ಎಲ್ಲಿ ತೂಗುಹಾಕುವುದೆಂದು ತಿಳಿಯದೆ ಬಟ್ಟೆ ಒಗೆಯುವ ಕೋಣೆಯಲ್ಲಿ ಇಟ್ಟಿದ್ದೇನೆ.

ಓರ್ವಲ್ ಆಸ್ಪತ್ರೆಯಿಂದ ಮನೆಗೆ ಬಂದಿದ್ದಾನೆ. ಪೀಚ್ ಹಣ್ಣಿನ ಪೈ ಮಾಡಿಕೊಂಡು ನೋಡಲು ಹೋದೆ. ಅವನ ಹೆಂಡತಿ ಇಮೋಜೀನ್ ಬಾಗಿಲಲ್ಲೇ ತಬ್ಬಿಕೊಂಡು, "ನೀನಿಲ್ದೇ ಇದ್ದಿದ್ರೆ ನನ್ನ ಗಂಡ ಉಳೀತಿದ್ನೇನೇ" ಎಂದು ಅತ್ತಳು. ನನಗೂ ಅಳು ಬಂತು, ಆದರೆ ಅವಳು ತಿಳಿದುಕೊಂಡ ಕಾರಣಕ್ಕಲ್ಲ. ಓರ್ವಲ್ ದಿಂಬಿಗೆ ಒರಗಿ ಕೂತಿದ್ದ, ಒಂದು ಕಣ್ಣು ಇನ್ನೂ ತೆರೆಯುವುದಿಲ್ಲ. ಇಮೋಜೀನ್ ಒಳಗೆ ಹೋದಾಗ ನನ್ನನ್ನು ಏನೋ ಕೇಳಿದ. ನಾನು ಉತ್ತರ ಹುಡುಕುವಷ್ಟರಲ್ಲಿ ಅವಳು ಕಾಫಿ ತಂದಳು. ಕಾಫಿ ಕುಡಿಯದೆ ಎದ್ದು ಬಂದೆ.

ಮೇಷ್ಟ್ರೇ, ಒಂದು ಮಾತು. ಆ ಪತ್ರವನ್ನು ಫ್ರಿಜ್ಜಿನಿಂದ ತೆಗೆದುಬಿಡಿ. ತರಗತಿಯಲ್ಲೂ ಇನ್ನು ಓದಬೇಡಿ. ಅವಸರದಲ್ಲಿ ಬರೆದದ್ದು. ನಾನು ಅಂಥ ದೊಡ್ಡ ಕೆಲಸವನ್ನೇನೂ ಮಾಡಿಲ್ಲ.

ನೆಲ್ಡಾ


ಹಾರ್ಕರ್
೧೪ ಏಪ್ರಿಲ್

ನೆಲ್ಡಾ,

ಸಾಕು ಮಾರಾಯ್ತಿ ನಿನ್ನ ವಿನಯ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ ನಿಜ, ಹಾಗೆಂದು ಕೊಡವನ್ನೇ ಬಚ್ಚಿಡುತ್ತಾರೆಯೇ? ಪತ್ರ ಫ್ರಿಜ್ಜಿನ ಮೇಲೇ ಇರುತ್ತದೆ. ಏಕೆಂದು ಹೇಳುತ್ತೇನೆ, ಕೇಳು.

ಇದನ್ನು ನಿನಗೆ ಹೇಳಬಾರದೆಂದು ರೋವೀನಾ ತಾಕೀತು ಮಾಡಿದ್ದಳು. ಮನೆಯ ಮರ್ಯಾದೆ ಎಂಬುದೊಂದು ಇರುತ್ತದೆ. ಅವಳ ಗಂಡನಾಗಿದ್ದ ಲೈಲ್ ಜೈಲಿನಿಂದ ಹೊರಗೆ ಬಂದಿದ್ದಾನೆ. ಅವಳ ಕೈ ಮುರಿದದ್ದಕ್ಕೆ ಹೋಗಿದ್ದವನು. ನ್ಯಾಯಾಲಯದ ತಡೆ ಆದೇಶ ಇದೆ, ಅವನು ಈ ಮನೆಯ ಹತ್ತಿರ ಸುಳಿಯಕೂಡದು. ಸುಳಿಯುತ್ತಿದ್ದಾನೆ. ಪೆಟ್ರೋಲ್ ಬಂಕಿನ ಹತ್ತಿರ ಅವನ ಗಾಡಿ ಕಂಡದ್ದುಂಟು. ಒಮ್ಮೆ ನಮ್ಮ ಅಂಚೆ ಪೆಟ್ಟಿಗೆಯಲ್ಲಿ ಅವಳ ಹಳೆಯ ಕೈಬಳೆ ಸಿಕ್ಕಿತು. ಆದೇಶದ ಕಾಗದ ಗುಂಡು ತಡೆಯುತ್ತದೆಯೇ?

ಸ್ಪೋಕೇನಿನಲ್ಲಿರುವ ಅವಳ ಚಿಕ್ಕಮ್ಮ ಕರೆದಳು. ಹೆಂಗಸರ ಆಶ್ರಯ ಮನೆಯವರೂ ಬಂದು, ಯಾರಿಗೂ ತಿಳಿಯದ ಊರಿಗೆ ಕಳಿಸುತ್ತೇವೆ ಎಂದರು. ಫೆಬ್ರವರಿಯಲ್ಲಿ ಪೆಟ್ಟಿಗೆಯನ್ನೂ ಕಟ್ಟಿದ್ದಳು. ನಾನು ಬೇಡವೆಂದೆ. ನನ್ನ ಮಗಳು ಕಳ್ಳಿಯ ಹಾಗೆ ಊರು ಬಿಟ್ಟು ಓಡುವುದೇ? ತಪ್ಪು ಮಾಡಿದವನು ಅವನೋ ಇವಳೋ? ಅವಳಿಗೆ ಅರೆಮನಸ್ಸು. ಆಗ ನಿನ್ನ ಪತ್ರ ಬಂತು. ಎರಡು ಸಲ ಓದಿದಳು. ಆಮೇಲೆ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಬೀರುವಿಗೆ ವಾಪಸು ಜೋಡಿಸಿದಳು. "ನೆಲ್ಡಾ ಅಕ್ಕನ ಕೈಲಾದ್ರೆ ನನ್ನ ಕೈಲೂ ಆಗತ್ತೆ ಅಪ್ಪಾ" ಎಂದು ಬರೆದು ತೋರಿಸಿದಳು.

ಈಗ ಅವಳು ಒಂದೂವರೆ ಸೆಕೆಂಡಿಗೂ ಕೆಳಗೆ ಇಳಿದಿದ್ದಾಳೆ. ನಿನಗಿಂತ ಚುರುಕು, ಹೊಟ್ಟೆಕಿಚ್ಚು ಪಡಬೇಡ. ಲೈಲ್ ಬರಲಿ. ರಟ್ಟಿನ ಮನುಷ್ಯನಿಗಿಂತ ದಪ್ಪಗಿದ್ದಾನೆ, ಗುರಿ ತಪ್ಪುವುದಿಲ್ಲ.

ವರ್ಲಿನ್


ಕೋಲ್ಡ್ ಫೋರ್ಕ್
೨೦ ಏಪ್ರಿಲ್

ಮೇಷ್ಟ್ರೇ,

ರೋವೀನಾಳನ್ನು ಚಿಕ್ಕಮ್ಮನ ಮನೆಗೆ ಕಳಿಸಿ. ಅಥವಾ ಆ ಆಶ್ರಯದವರ ಜೊತೆ ಕಳಿಸಿ. ಈ ವಾರವೇ ಕಳಿಸಿ.

ಓಡುವುದರಲ್ಲಿ ಅವಮಾನವೇನೂ ಇಲ್ಲ. ದಯವಿಟ್ಟು ನನ್ನ ಪತ್ರವನ್ನು ನಂಬಿಕೊಂಡು ಕೂರಬೇಡಿ. ಅಂಗಡಿಯ ಮಾತೇ ಬೇರೆ, ಇದೇ ಬೇರೆ. ಏಕೆಂದು ಕೇಳಬೇಡಿ. ಹಿರಿಯರು, ನಿಮಗೆ ನಾನು ಬುದ್ಧಿ ಹೇಳಬಾರದು, ಆದರೂ ಹೇಳುತ್ತಿದ್ದೇನೆ.

ಅವಳ ಹೊಸ ನಂಬರು ಬರೆದು ಕಳಿಸಿ.

ನೆಲ್ಡಾ


ಹಾರ್ಕರ್
೧ ಮೇ

ನೆಲ್ಡಾ ಪ್ರೂಯಿಟ್,

ಏಕೆಂದು ಕೇಳಬಾರದಂತೆ. ಕೇಳದೆಯೇ ಅರ್ಥವಾಯಿತು.

ನಿನ್ನ ಕೈಯಲ್ಲಾದದ್ದು ನನ್ನ ಮಗಳ ಕೈಯಲ್ಲಾಗುವುದಿಲ್ಲ, ಅಷ್ಟೇ ತಾನೇ? ಪತ್ರಿಕೆಯಲ್ಲಿ ಫೋಟೋ ಬಂತು, ಫಲಕ ಸಿಕ್ಕಿತು, ಈಗ ಇನ್ನೊಬ್ಬಳು ಸರಿಸಮ ನಿಂತರೆ ಮುಳ್ಳು ಚುಚ್ಚುತ್ತದೆ. ಪಿಸ್ತೂಲು ಹೇಗೆ ಹಿಡಿಯುವುದೆಂದು ನಿನ್ನ ಬೆರಳು ಒಂದೊಂದಾಗಿ ಮಡಿಸಿ ಕಲಿಸಿದವನು ನಾನು. ಆಗ ಬಜರ್ ಕೂಗಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ನೆನಪಿದೆಯೇ? ಏಣಿ ಹತ್ತಿದ ಮೇಲೆ ಏಣಿಗೇ ಒದೆಯುವವಳು ನೀನೆಂದು ತಿಳಿದಿರಲಿಲ್ಲ.

ನಂಬರು ಕಳಿಸುವುದಿಲ್ಲ. ಅವಳು ಇಲ್ಲೇ ಇರುತ್ತಾಳೆ, ತನ್ನ ಮನೆಯಲ್ಲಿ.

ವಿ. ಸ್ಟ್ರೌಡ್


ಕೋಲ್ಡ್ ಫೋರ್ಕ್
೫ ಮೇ

ಮೇಷ್ಟ್ರೇ, ರೋವೀನಾ,

ಲಕೋಟೆಯ ಮೇಲೆ ಇಬ್ಬರ ಹೆಸರನ್ನೂ ಬರೆದಿದ್ದೇನೆ. ರೋವೀನಾ, ನೀನೇ ಮೊದಲು ಒಡೆದರೆ ಒಳ್ಳೆಯದು. ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ.

ಹೊಟ್ಟೆಕಿಚ್ಚಲ್ಲ ಮೇಷ್ಟ್ರೇ, ನಾಚಿಕೆ. ಮುಖವೆತ್ತಲಾಗದಂಥ ನಾಚಿಕೆ. ಮಾರ್ಚ್‌ನಲ್ಲಿ ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. "ಒಂದಿಷ್ಟು ಗಲಾಟೆ" ಎಂದು ಬರೆದು ದಾಟಿಬಿಟ್ಟೆ. ಆ ಗಲಾಟೆ ಏನೆಂದು ಈಗ ಬರೆಯುತ್ತೇನೆ.

ಪಿಸ್ತೂಲು ಎಳೆದೆ. ನಿಜ. ಬೇಗ ಎಳೆದೆ, ಅದೂ ನಿಜ. ಅವನು ಬಾಗಿಲಲ್ಲಿ ನಿಂತಾಗಲೇ ಸರಳು ಕಂಡಿತ್ತು. ಹಿಂದಿನ ಬಾಗಿಲು ನನ್ನ ಬೆನ್ನಿಗೇ ಇತ್ತು. ಓರ್ವಲನನ್ನು ಕೂಗಿ ಇಬ್ಬರೂ ಹೊರಗೆ ಹೋಗಬಹುದಿತ್ತು. ಗಲ್ಲಾ ಬಿಚ್ಚಿಕೊಟ್ಟಿದ್ದರೆ ಅವನು ಬಾಚಿಕೊಂಡು ಹೋಗುತ್ತಿದ್ದನೇನೋ. ಇದ್ಯಾವುದೂ ನನ್ನ ತಲೆಗೆ ಬರಲಿಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಎಳೆ, ಎರಡು ಗುಂಡು.

ಹೊಡೆದೆ. ಅವನು ಪಕ್ಕಕ್ಕೆ ಹಾರಿದ. ರಟ್ಟು ಯಾವತ್ತೂ ಹಾರಿರಲಿಲ್ಲ. ಒಂದು ಗುಂಡು ಕೋಳಿ ಮೇವಿನ ಚೀಲಕ್ಕೆ ಹೋಯಿತು. ಇನ್ನೊಂದು ಬಾಗಿಲ ಗಾಜು ಒಡೆದು ರಸ್ತೆ ದಾಟಿ ಇಗರ್ಜಿಯ ಗೋಡೆಗೆ ಹೊಕ್ಕಿತು. ಆ ಗೋಡೆಯ ಆಚೆ ಹೆಂಗಸರು ಕೂತು ಕೌದಿ ಹೊಲಿಯುತ್ತಿದ್ದರು. ಡೋಯ್ಲ್ ಅದನ್ನು ಚಾಕುವಿನಿಂದ ಕೆತ್ತಿ ತೆಗೆದು ಜೇಬಿಗೆ ಹಾಕಿಕೊಂಡ, ಯಾರಿಗೂ ಹೇಳಲಿಲ್ಲ.

ಕಳ್ಳ ನೆಲದ ಮೇಲೆ ಕೂತಿದ್ದ, ಕೈ ಮೇಲೆತ್ತಿದ್ದ. ಸರಳು ಅವನ ಕಾಲಬುಡದಲ್ಲಿತ್ತು. ಇನ್ನು ಕೇಳಿ. ನಾನು ಮ್ಯಾಗಜೀನು ತೆಗೆದೆ. ಗಲ್ಲಾದ ಮೇಜಿನ ಮೇಲೆ, ಚ್ಯೂಯಿಂಗ್ ಗಮ್ ಡಬ್ಬಿಯ ಪಕ್ಕ, ಒಪ್ಪವಾಗಿ ಇಟ್ಟೆ. ನಳಿಗೆಯಲ್ಲಿದ್ದ ಗುಂಡನ್ನು ಬೀಳಿಸಿ ಖಾಲಿಯೆಂದು ತೋರಿಸಿದೆ. ಯಾರಿಗೆ ತೋರಿಸಿದೆನೋ ದೇವರಿಗೇ ಗೊತ್ತು. ಪಿಸ್ತೂಲನ್ನು ಒರೆಗೆ ಹಾಕಿ ಗುಂಡಿ ಒತ್ತಿದೆ. ಮೈಯೆಲ್ಲ ಹಗುರಾಯಿತು, ಅಬ್ಬಾ ಮುಗಿಯಿತು ಎಂಬಂತೆ. ಮತ್ತೆ, ಹೇಗೆ ಬರೆಯಲಿ ಇದನ್ನು, ಬಲಗಡೆಗೆ ತಿರುಗಿ ನೋಡಿದೆ. ಡೋಯ್ಲ್ ಸಮಯ ಎಷ್ಟೆಂದು ಹೇಳಲಿ ಎಂದು.

ಅಲ್ಲಿ ಗೋಡೆಯ ಮೇಲೆ ದನದ ಉಪ್ಪಿನ ಜಾಹೀರಾತು ಇತ್ತು.

ಕಳ್ಳನಿಗೂ ಅರ್ಥವಾಗಲಿಲ್ಲ. "ಏನೇ ಮಾಡ್ತಿದೀಯ ನೀನು?" ಎಂದು ಕೇಳಿದ. ಆಮೇಲೆ ಸರಳು ಎತ್ತಿಕೊಂಡ. ನನ್ನ ಕೈಗೆ ಏನೂ ತೋಚಲಿಲ್ಲ, ಬಜರ್ ಆಗದೆ ಇನ್ನೊಂದು ಸಲ ಎಳೆಯುವುದು ಅದಕ್ಕೆ ಗೊತ್ತೇ ಇರಲಿಲ್ಲ. ಆಗ ಓರ್ವಲ್ ಚೀಲ ಬಿಟ್ಟು ಬಂದು ನನ್ನ ಮುಂದೆ ನಿಂತ. ಅವನ ಕೈಯಲ್ಲಿ ಏನೂ ಇರಲಿಲ್ಲ. ಸೊಂಟದಲ್ಲಿ ಪಿಸ್ತೂಲಿದ್ದವಳು ನಾನು, ಅಡ್ಡ ಬಂದವನು ಅವನು. ಮೊದಲ ಏಟು ಕೊರಳೆಲುಬಿಗೆ, ಎರಡನೆಯದು ಕಣ್ಣಿನ ಮೇಲೆ. ಆ ಕಣ್ಣು ಇನ್ನು ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ. ಲಾರಿ ಬರದಿದ್ದರೆ ಮೂರನೆಯದೂ ಬೀಳುತ್ತಿತ್ತು.

ಅವತ್ತು ಮಂಚದ ಮೇಲೆ ಓರ್ವಲ್ ಕೇಳಿದ್ದು ಇಷ್ಟೇ: "ನೆಲ್ಡಾ, ಆ ಡಬ್ಬಿ ತೆಗ್ದು ಮೇಜಿನ್ ಮೇಲ್ ಇಟ್ಯಲ್ಲ, ಅದ್ಯಾಕೆ?" ಆಕ್ಷೇಪಣೆಯ ದನಿಯಲ್ಲ. ಅವನಿಗೆ ಪಿಸ್ತೂಲಿನ ವಿಷಯ ಏನೂ ತಿಳಿಯದು. ಅದರಲ್ಲಿ ಏನೋ ಉಪಾಯವಿದ್ದಿರಬೇಕು, ತನಗೆ ಗೊತ್ತಾಗಲಿಲ್ಲ ಎಂದುಕೊಂಡಿದ್ದಾನೆ. ಮೇಷ್ಟ್ರೇ, ಅವನು ಬೈದಿದ್ದರೆ ಬದುಕುತ್ತಿದ್ದೆ.

ಇನ್ನೂ ಕೇಳಿ. ಕಳ್ಳ ಅರ್ಕನ್ಸಾದಲ್ಲಿ ಸಿಕ್ಕಿಬಿದ್ದ. "ಆ ಹೆಂಗ್ಸು ಪಿಸ್ತೂಲ್ ಖಾಲಿ ಮಾಡಿ ನಂಗೇ ತೋರ್ಸಿದ್ಲು" ಎಂದು ಪೊಲೀಸರಿಗೆ ಹೇಳಿದನಂತೆ. ಡೋಯ್ಲ್ ಇದನ್ನು ಕ್ಲಬ್ಬಿನಲ್ಲಿ ಎಲ್ಲರ ಮುಂದೆ ಹೇಳಿದ. "ಸುಳ್ಳು ಹೇಳಿದ್ರೂ ಕಿವಿ ಮೇಲೆ ಹೂವಿಡೋ ಹಾಗೆ ಹೇಳ್ಬೇಕಾ ಬಡ್ಡೀಮಗ!" ಎಂದು ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಆ ಇಡೀ ಪ್ರಕರಣದಲ್ಲಿ ನಿಜ ಹೇಳಿದವನು ಅವನೊಬ್ಬನೇ, ಅವನನ್ನು ನೋಡಿ ನಾನು ನಕ್ಕೆ.

ನೀವು ಕಲಿಸಿದ್ದು ತಪ್ಪೆಂದು ಹೇಳುತ್ತಿಲ್ಲ. ಕಲಿಸಿದ್ದನ್ನು ನಾನು ಒಂದಕ್ಷರ ಬಿಡದೆ ಮಾಡಿದೆ, ಕೊನೆಯದನ್ನೂ ಮರೆಯಲಿಲ್ಲ. ಪಿಸ್ತೂಲು ಎಳೆಯುವುದು ಬಂತು. ನೋಡುವುದು ಬರಲಿಲ್ಲ, ಕೂಗುವುದು ಬರಲಿಲ್ಲ, ಬಿಟ್ಟು ಓಡುವುದು ಬರಲಿಲ್ಲ, ಹೊಡೆದ ಮೇಲೂ ಎದುರಿಗೆ ಮನುಷ್ಯನಿದ್ದಾನೆ ಎಂಬುದು ಬರಲಿಲ್ಲ. ಪುಸ್ತಕದ ಬದನೆಕಾಯಿ ಎನ್ನುತ್ತಾರಲ್ಲ, ನಮ್ಮದು ರಟ್ಟಿನ ಬದನೆಕಾಯಿ. ಆ ಗಡ್ಡದ ಹುಡುಗ ಹೇಳಿದ್ದು ಸರಿ.

ರೋವೀನಾ, ನನ್ನ ಪತ್ರ ಓದಿ ಪೆಟ್ಟಿಗೆ ಬಿಚ್ಚಿದೆಯಂತೆ. ಮತ್ತೆ ಕಟ್ಟು. ನಿನ್ನ ಕಾಲಿಗೆ ಬೀಳುತ್ತೇನೆ, ಕಟ್ಟು. ಲೈಲ್ ಬಂದರೆ ನಿನ್ನ ಮುಂದೆ ಬಂದು ನಿಲ್ಲಲು ಅಲ್ಲಿ ಓರ್ವಲ್ ಇರುವುದಿಲ್ಲ.

ನೆಲ್ಡಾ


ಕೋಲ್ಡ್ ಫೋರ್ಕ್
೨೪ ಮೇ

ಮೇಷ್ಟ್ರೇ,

ಉತ್ತರವಿಲ್ಲ. ಪತ್ರ ತಲುಪಿದೆ, ರೋವೀನಾಳ ಸಹಿ ಇರುವ ಚೀಟಿ ಅಂಚೆಯವರಿಂದ ಬಂದಿದೆ. ಬೈಯಲಾದರೂ ಒಂದು ಸಾಲು ಬರೆಯಿರಿ. ಹಾರ್ಕರ್ ಷೆರಿಫ್ ಕಚೇರಿಗೆ ಫೋನು ಮಾಡಿದೆ. "ಮನೆ ಕಡೆ ಒಂದು ಕಣ್ಣಿಟ್ಟಿರ್ತೀವಿ ಮೇಡಂ" ಎಂದರು, ಅಷ್ಟೇ.

ಹೋದ ಭಾನುವಾರ ಪಂದ್ಯ ಶುರುವಾಗುವ ಮೊದಲು ಫಲಕವನ್ನು ತೆಗೆದುಕೊಂಡು ಹೋಗಿ ಎಲ್ಲರ ಮುಂದೆ ಹೇಳಿದೆ. ಮೊದಲು ಯಾರೋ ನಕ್ಕರು, ತಮಾಷೆ ಎಂದುಕೊಂಡು. ಆಮೇಲೆ ಯಾರೂ ನಗಲಿಲ್ಲ. ಡೋಯ್ಲ್ ಬಜರನ್ನು ಕೈಯಲ್ಲಿ ತಿರುಗಿಸುತ್ತ, "ಸರಿ ಬಿಡು, ಅದನ್ನೆಲ್ಲ ಊರ ತುಂಬ ಹೇಳ್ಬೇಕಾಗಿಲ್ಲ" ಎಂದ. ಒಬ್ಬರು, "ಹಾಗಾದ್ರೆ ಇನ್ನೂ ಜಾಸ್ತಿ ಅಭ್ಯಾಸ ಮಾಡ್ಬೇಕಮ್ಮ" ಎಂದರು. ಆಮೇಲೆ ಪಂದ್ಯ ನಡೆಯಿತು. ಬಜರ್ ಕೂಗಿತು, ಒಬ್ಬೊಬ್ಬರೇ ಹೊಡೆದರು, ಖಾಲಿ ಮಾಡಿದರು, ತೋರಿಸಿದರು. ಅದನ್ನು ನೋಡಿ ಮನೆಗೆ ಬಂದೆ.

ಓರ್ವಲನಿಗೂ ಹೇಳಿದೆ, ಇಮೋಜೀನಳ ಎದುರೇ. ಓರ್ವಲ್ ಕೇಳಿಸಿಕೊಂಡು, "ಓ, ಹಂಗಾ" ಎಂದ. ಇಮೋಜೀನ್ ಎದ್ದು ಒಳಗೆ ಹೋದಳು. ನಾನು ಹೊರಡುವವರೆಗೂ ಹೊರಗೆ ಬರಲಿಲ್ಲ. ಅವಳದು ಸರಿ.

ರೋವೀನಾ ಎಲ್ಲಿದ್ದಾಳೆ? ಅದೊಂದನ್ನು ತಿಳಿಸಿ.

ನೆಲ್ಡಾ


ಹಾರ್ಕರ್
೧೦ ಜೂನ್

ನೆಲ್ಡಾ,

ಬೈಯಲು ಕೂತಿಲ್ಲ. ಬೈಯುವ ಯೋಗ್ಯತೆ ನನಗಿಲ್ಲ. ತಡವಾದದ್ದಕ್ಕೆ ಕ್ಷಮಿಸು, ಪೆನ್ನು ಹಿಡಿಯಲು ಮುಖವಿರಲಿಲ್ಲ.

ನಿನ್ನ ಪತ್ರವನ್ನು ರೋವೀನಾ ಒಡೆದಳು. ಓದಿ ಮೇಜಿನ ಮೇಲಿಟ್ಟು ನನ್ನತ್ತ ಸರಿಸಿದಳು. ನಾನು ಅರ್ಧ ಓದಿ, "ನೆಲ್ಡಾದು ಮೊದಲಿಂದ್ಲೂ ಪುಕ್ಕಲು ಎದೆ" ಎಂದೆ. ಹೌದು, ಹಾಗೆಯೇ ಎಂದೆ. "ನಿನಗೆ ಹಾಗಾಗೋದಿಲ್ಲ ಮಗಳೇ, ಆ ಕೊನೇ ಭಾಗ ಮಾತ್ರ ಬದಲಾಯಿಸೋಣ" ಎಂದೆ. ಅವಳು ವಾದ ಮಾಡಲಿಲ್ಲ. ನನ್ನ ಬಾಯನ್ನೇ ನೋಡುತ್ತಿದ್ದಳು, ಕಿವುಡಿ ಅವಳೇನೋ ಎಂಬಂತೆ. ಒಪ್ಪಿಕೊಂಡಳು ಎಂದುಕೊಂಡೆ.

ಶನಿವಾರ ತರಗತಿ ಮುಗಿಸಿ ಬಂದರೆ ಅವಳಿಲ್ಲ. ಪೆಟ್ಟಿಗೆ ಇಲ್ಲ. ನಾನು ಅವಳಿಗೆ ಕೊಟ್ಟಿದ್ದ ಪಿಸ್ತೂಲು ಮಾತ್ರ ಹಾಸಿಗೆಯ ಮೇಲಿತ್ತು. ಚೀಟಿ ಬರೆದಿಟ್ಟಿರಬಹುದೆಂದು ಸಕ್ಕರೆ ಡಬ್ಬಿಯೊಳಗೂ ಹುಡುಕಿದೆ, ಇರಲಿಲ್ಲ. ಚಿಕ್ಕಮ್ಮನಿಗೆ ಬರೆದು ಕೇಳಿದರೆ ಅಲ್ಲಿಗೂ ಹೋಗಿಲ್ಲ. ಆಶ್ರಯ ಮನೆಯ ಹೆಂಗಸು ಬಂದು ನನ್ನ ಮುಂದೆ ಒಂದು ಕಾಗದ ಹಿಡಿದಳು: "ಅವರು ಕ್ಷೇಮವಾಗಿದ್ದಾರೆ. ಊರಿನ ಹೆಸರು ಯಾರಿಗೂ ಹೇಳಬಾರದೆಂದು ಕೇಳಿಕೊಂಡಿದ್ದಾರೆ. ತಂದೆಗೂ." ಆ ಕೊನೆಯ ಒಂದು ಪದವನ್ನು ಎಷ್ಟೋ ಸಲ ಓದಿದೆ. ಸಿಟ್ಟಿನಿಂದ ಕಾಗದ ಹರಿದುಹಾಕಿದೆ. ನನ್ನ ಮಗಳು ನನಗೇ ಹೇಳುವುದಿಲ್ಲವೇ? ನಿನಗೂ ಒಂದು ಕೆಟ್ಟ ಪತ್ರ ಬರೆದಿದ್ದೆ, ನನ್ನ ಮನೆ ಒಡೆದವಳು ನೀನೆಂದು. ಅಂಚೆಗೆ ಹಾಕುವ ಮೊದಲೇ ಲೈಲ್ ಬಂದ.

ಬೆಳಗಿನ ತಿಂಡಿಯ ಹೊತ್ತು. ಮೊಟ್ಟೆ ಹುರಿಯುತ್ತ ಒಲೆಯ ಮುಂದೆ ನಿಂತಿದ್ದೆ. ಬಾಗಿಲು ಒದ್ದದ್ದು ಕೇಳಲಿಲ್ಲ, ಕೋಣೆ ಕೋಣೆ ತಿರುಗಿದ್ದು ಕೇಳಲಿಲ್ಲ. ಅವನು ಹಿಂದಿನಿಂದ ಬಂದು, ಮಗುವಿನ ಕೈಯಿಂದ ಕತ್ತರಿ ತೆಗೆದುಕೊಳ್ಳುವ ಹಾಗೆ, ನನ್ನ ಸೊಂಟದ ಪಿಸ್ತೂಲನ್ನು ಮೆಲ್ಲಗೆ ಎತ್ತಿಕೊಂಡ. ಅಷ್ಟಾದ ಮೇಲೆಯೇ ನಾನು ತಿರುಗಿದ್ದು. ಜೀವಮಾನವಿಡೀ ಒಂದೂವರೆ ಸೆಕೆಂಡು ಕಲಿಸಿದವನು, ನೆಲ್ಡಾ, ಕೈಯಲ್ಲಿ ಮೊಟ್ಟೆ ಮಗುಚುವ ಸೌಟು ಹಿಡಿದು ನಿಂತಿದ್ದೆ.

ಅವನು ನನ್ನನ್ನು ಕುರ್ಚಿಯಲ್ಲಿ ಕೂರಿಸಿದ. ನಿಧಾನವಾಗಿ, ತುಟಿ ಓದಲು ಬರುವ ಹಾಗೆ ಕೇಳಿದ. "ಎಲ್ಲಿದಾಳೆ ಮುದುಕಾ?"

"ಗೊತ್ತಿಲ್ಲ" ಎಂದೆ.

"ನಿನ್ನ ಮಗಳು ಎಲ್ಲಿದಾಳೆ ಅಂತ ನಿಂಗೇ ಗೊತ್ತಿಲ್ವಾ?"

"ನಂಗೂ ಹೇಳಿಲ್ಲ" ಎಂದೆ.

ನನ್ನ ಮುಖ ನೋಡಿದ. ನಂಬಿದ. ಆ ನಾಯಿ ನನ್ನನ್ನು ನಂಬಿದ್ದಕ್ಕಿಂತ ದೊಡ್ಡ ಅವಮಾನ ನನಗೆ ಈ ಜನ್ಮದಲ್ಲಿ ಆಗಿಲ್ಲ. ಗೊತ್ತಿದ್ದಿದ್ದರೆ? ಹೇಳುತ್ತಿರಲಿಲ್ಲ ಎಂದು ಬರೆಯಬೇಕೆನಿಸುತ್ತದೆ. ಅವನು ನನ್ನ ಬೆರಳನ್ನು ಬಿಸಿ ಒಲೆಯ ಹತ್ತಿರ ಹಿಡಿದಿದ್ದ. ಹೇಳುತ್ತಿದ್ದೆನೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳಿಗೆ ಗೊತ್ತಿತ್ತು. ಎಪ್ಪತ್ನಾಲ್ಕು ವರ್ಷದ ಕಿವುಡ, ಸೊಂಟದಲ್ಲಿ ಒಂದು ಪಿಸ್ತೂಲು ಸಿಕ್ಕಿಸಿಕೊಂಡು ತಾನು ಕೋಟೆ ಎಂದುಕೊಂಡಿದ್ದಾನೆಂದು ಅವಳಿಗೆ ಗೊತ್ತಿತ್ತು. ಅವಳು ಈ ಮನೆಯಲ್ಲಿದ್ದಿದ್ದರೆ ಆ ಬೆಳಿಗ್ಗೆ ಒಲೆಯ ಮುಂದೆ ನಿಂತಿರುತ್ತಿದ್ದವಳು ಅವಳೇ.

ಹೋಗುವಾಗ ನನ್ನ ಬೋಳು ತಲೆ ಸವರಿ ಹೋದ. ಪಿಸ್ತೂಲನ್ನೂ ಒಯ್ದ. ಮಧ್ಯಾಹ್ನ ಪಕ್ಕದ ಜಿಲ್ಲೆಯಲ್ಲಿ ಸಿಕ್ಕಿಬಿದ್ದ. ಆದೇಶ ಮುರಿದದ್ದು, ಪಿಸ್ತೂಲು, ನನ್ನ ಬೆರಳು, ಎಲ್ಲ ಸೇರಿಸಿ ಒಳಗೆ ಹಾಕಿದ್ದಾರೆ. ಎಷ್ಟು ದಿನವೋ ನೋಡಬೇಕು.

ನೀನು ನಿಜ ಬರೆದ ಆ ಪತ್ರವನ್ನು ಶನಿವಾರ ಹೆಂಗಸರ ಮುಂದೆ ಓದಿದೆ, ಪೂರ್ತಿಯಾಗಿ. ನನ್ನದನ್ನೂ ಹೇಳಿದೆ. ಒಬ್ಬಳು ಎದ್ದು ಕೇಳಿದ್ದನ್ನು ಪಕ್ಕದವಳು ಬರೆದು ತೋರಿಸಿದಳು: "ಹಾಗಾದ್ರೆ ಇಷ್ಟು ದಿನ ನಮಗೆ ಏನು ಕಲಿಸಿದ್ರಿ?" ಗುರಿಯಿಡುವುದನ್ನು ಕಲಿಸಿದೆ ಎಂದೆ. ಅದು ಸುಳ್ಳಲ್ಲ. ಅಷ್ಟೇ ಎಂದು ಮೊದಲೇ ಹೇಳಿದ್ದರೆ ಸಾಕಿತ್ತು. ತರಗತಿ ನಿಲ್ಲಿಸಿದ್ದೇನೆ. ಆ ಗಡ್ಡದ ಹುಡುಗನಿಗೆ ಬರೆಯಬೇಕು, ಇನ್ನೂ ಕೈ ಬಂದಿಲ್ಲ.

ಏಣಿ ಒದ್ದವಳು ಎಂದಿದ್ದೆ ನಿನ್ನನ್ನು. ಆ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ನನ್ನ ಮಗಳು ಬದುಕಿರುವುದು ನಿನ್ನ ನಾಚಿಕೆಯಿಂದ, ನನ್ನ ಪಾಠದಿಂದಲ್ಲ.

ಅವಳು ನಿನಗೆ ಬರೆದರೂ ಬರೆಯಬಹುದು, ನೆಲ್ಡಾ. ಬರೆದರೆ ಊರು ಯಾವುದೆಂದು ನನಗೆ ಹೇಳಬೇಡ. ನಾನು ಮರುಳಾಗಿ ಕೇಳಿದರೂ ಹೇಳಬೇಡ. ಲಕೋಟೆಯ ಮುದ್ರೆಯನ್ನೂ ತೋರಿಸಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ, ಅದೊಂದು ಸಾಲು ಬರೆ, ಸ್ವಲ್ಪ ದಪ್ಪ ಅಕ್ಷರದಲ್ಲಿ.

ವರ್ಲಿನ್